ರೇಡಿಯೋದಲ್ಲಿ ನಾನು, ಕಾರಿನಲ್ಲಿ ಮಗಳು

ಮಗಳು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿದ್ದ ಬ್ಯಾಂಕ್ ಕೆಲಸ ಬಿಟ್ಟು ರೇಸ್ ಕಾರು ಓಡಿಸಲು ನಿಂತಾಗ, ನಾನು ಸಿಡ್ನಿಯ ವೆಸ್ಟ್‌ಮೀಡ್‌ನಿಂದ ಫೋನಿನಲ್ಲೇ ಭೂಮಿ ಆಕಾಶ ಒಂದು ಮಾಡಿದ್ದೆ. ಜಪ್ಪಯ್ಯ ಎಂದರೂ ಅವಳು ಜಗ್ಗಲಿಲ್ಲ. ಆಮೇಲೆ ರಜೆ ಸಿಕ್ಕಾಗಲೆಲ್ಲ ಮೆಲ್ಬರ್ನ್‌ಗೆ ಹಾರಿ ಬಂದು ಟ್ರ್ಯಾಕಿನ ಪಕ್ಕ ನಿಲ್ಲುವುದು ನನಗೇ ಚಟವಾಯಿತು.

ಈ ಸಲದ್ದು ವರ್ಷದ ಕೊನೆಯ ರೇಸ್. ಊರಾಚೆ ಮೊಟ್ಟೆಯಾಕಾರದ ದೊಡ್ಡ ಟ್ರ್ಯಾಕ್. ತಿರುವುಗಳಲ್ಲಿ ರಸ್ತೆ ಬಾಣಲೆಯ ಅಂಚಿನಂತೆ ಮೇಲೆದ್ದಿದೆ. ಮೊದಲ ಐವರಲ್ಲಿ ಬಂದರೆ ಮಾತ್ರ ಮುಂದಿನ ವರ್ಷವೂ ಕಾರು ಅವಳದು ಎಂದು ಟೀಮಿನ ಯಜಮಾನ ಹೇಳಿಬಿಟ್ಟಿದ್ದ. ಬೆಲ್ಟು, ಹೆಲ್ಮೆಟ್ಟು ಬಿಗಿದು ಕೂತವರಿಗೆ ಕುತ್ತಿಗೆ ಹೊರಳದು. ಪಕ್ಕದಲ್ಲಿ ಕಾರಿದೆಯೋ ಇಲ್ಲವೋ ಎಂದು ಎತ್ತರದಿಂದ ನೋಡಿ ರೇಡಿಯೋದಲ್ಲಿ ಹೇಳುವವರೇ ಸ್ಪಾಟರ್. ಅವಳ ಸ್ಪಾಟರ್ ಅವತ್ತೇ ಜ್ವರ ಬಂದು ಮಲಗಿದ. ಪ್ರಾಕ್ಟೀಸಿನಲ್ಲಿ ಅವನ ಜೊತೆ ನಿಂತು ನಾನು ಆ ಕೆಲಸ ಕಲಿತಿದ್ದೆ. ಅಮ್ಮನ ಕಣ್ಣು ತಪ್ಪಿಸಿ ಯಾರೂ ಏನೂ ಮಾಡಲಾರರು ಎಂದು ಯಜಮಾನನಿಗೆ ಹೇಳಿ, ಮಗಳು ನನ್ನ ತಲೆಗೆ ಹೆಡ್‌ಫೋನ್ ಸಿಕ್ಕಿಸಿಯೇ ಬಿಟ್ಟಳು.

ನಾನು ಸ್ಪಾಟರ್‌ಗಳ ಅಟ್ಟ ಹತ್ತಿ ನಿಂತೆ. ರೇಸ್ ಶುರುವಿನ ಹಸಿರು ಬಾವುಟ ಬೀಸಿದರು. ಅಬ್ಬಾ, ಆ ಸದ್ದು! ಎದೆಗೂಡೇ ನಡುಗಿತು, ಖುಷಿಯೋ ಖುಷಿ. ಆದರೆ ಬಾಯಿ ಮಾತ್ರ ತಾಯಿಯದೇ. ಪಕ್ಕ ಖಾಲಿಯಾದಾಗ ಹೇಳಬೇಕಾದ 'ಕ್ಲಿಯರ್' ಬಿಟ್ಟು "ತಡಿ, ತಡಿ, ಇರು ಸ್ವಲ್ಪ" ಎನ್ನುತ್ತಿತ್ತು. ನಾನು ತಡೆದಾಗಲೆಲ್ಲ ಇನ್ನೊಬ್ಬರು ನುಗ್ಗಿದರು. ನಾಲ್ಕನೆಯವಳಾಗಿದ್ದವಳು ಏಳಕ್ಕೆ ಇಳಿದಳು.

"ಅಮ್ಮಾ, ಈಸ್ ದೇರ್ ಎ ಕಾರ್, ಇಲ್ಲಾ ಆರ್ ಯು ಜಸ್ಟ್ ಸ್ಕೇರ್ಡ್?"

"ಭಯ ಕಣೇ! ಕಾರ್ ಇಲ್ಲ!" ಎಂದು ಕಿರುಚಿದೆ.

"ದೆನ್ ಸೇ ಕ್ಲಿಯರ್!"

ಹೇಳಿದೆ. "ಕ್ಲಿಯರ್! ಒಳಗ್ ಬಾ! ಎಡಕ್ಕಿದಾನೆ, ಇದಾನೆ, ಇದಾನೆ... ಹೋದ! ನುಗ್ಗು!" ಪಕ್ಕದಲ್ಲಿದ್ದ ಬೇರೆ ಟೀಮಿನ ಸ್ಪಾಟರ್‌ಗಳು ನನ್ನ ಕನ್ನಡಕ್ಕೆ ಕಕ್ಕಾಬಿಕ್ಕಿಯಾದರು. ನಾನು ಕುಣಿಯುತ್ತಿದ್ದೆ ಎಂದು ಆಮೇಲೆ ಯಾರೋ ಹೇಳಿದರು.

ಕೊನೆಯ ಸುತ್ತಿಗೆ ಅವಳು ಆರನೆಯವಳು. ಮುಂದಿದ್ದ ಕೆಂಪು ಕಾರು ತಿರುವಿನಲ್ಲಿ ಮೇಲಕ್ಕೆ ಜಾರಿತು. ಒಳಗೆ ಜಾಗ ಬಿತ್ತು. ಅದೇ ಜಾಗಕ್ಕೆ ಹಿಂದಿನಿಂದ ಇನ್ನೊಂದು ಕಾರು ಬರುತ್ತಿತ್ತು, ಮೂತಿ ಇನ್ನೂ ತೂರಿಸಿರಲಿಲ್ಲ. ಅದು ಅವಳಿಗೆ ಕಾಣದು, ನನಗೆ ಮಾತ್ರ ಕಾಣುತ್ತದೆ. ರೇಡಿಯೋದ ಗುಂಡಿ ಒತ್ತಿದೆ.

"ಕ್ಲಿಯರ್! ಹೋಗು!"

ಮಾತು ಮುಗಿಯುವುದರೊಳಗೆ ಸ್ಟೀರಿಂಗ್ ತಿರುಗಿಸಿದ್ದಳು. ಐದನೆಯವಳಾಗಿ ಗೆರೆ ದಾಟಿದಳು.

"ಅಮ್ಮಾ? ಅಮ್ಮಾ, ಆರ್ ಯು ದೇರ್?"

ಇಲ್ಲೇ ಇದ್ದೀನಿ ಎನ್ನಲು ಹೊರಟೆ. ರೇಡಿಯೋದ ಗುಂಡಿ ಒತ್ತಿಕೊಂಡು ಅತ್ತುಬಿಟ್ಟೆ, ಅಷ್ಟೇ.