ಹಿಮನದಿಯ ದಾರಿಯಲ್ಲಿ ಅತ್ತೆಯ ಕಾಯಿ ಮೂಟೆ

ಬೆಳಿಗ್ಗೆ ಫ್ರಿಜ್ಜಿನ ಒಳಗೋಡೆಗೆ ಕಚ್ಚಿಕೊಂಡಿದ್ದ ಮಂಜುಗಡ್ಡೆಯನ್ನು ಸೌಟಿನ ಹಿಡಿಯಿಂದ ಕೆತ್ತುತ್ತಿದ್ದೆ. ಒಂದು ಚೂರು ಅಂಗೈಗೆ ಬಿದ್ದು ಬೆರಳು ಜುಮ್ಮೆಂದಿತು. ಕೆಲಸ ಮರೆತು ನಗತೊಡಗಿದೆ. ನೀವು ನೋಡಿದ್ದರೆ ಈ ಮುದುಕಿಗೆ ಏನೋ ಆಗಿದೆ ಎಂದುಕೊಳ್ಳುತ್ತಿದ್ದಿರಿ. ಆಗಿದ್ದು ಇಷ್ಟೇ, ಹಾಲ್ಕುರಿಕೆಯ ನನ್ನ ಸೋದರತ್ತೆ ಗೌರಮ್ಮ ನೆನಪಾದಳು.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ಕಡೆ ಬಸ್ಸು ಮಾಡಿಕೊಂಡು ಉತ್ತರ ಭಾರತ ನೋಡಿಬರುವ ಹುಚ್ಚು ಹಬ್ಬಿತ್ತು. ತಿಪಟೂರಿನಿಂದ ಹೊರಟ ಅಂಥದೊಂದು ಬಸ್ಸಿನಲ್ಲಿ ನಾನೂ ಅತ್ತೆಯೂ ಇದ್ದೆವು. ಅತ್ತೆ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತೆಂಗಿನ ತೋಟವನ್ನು ಒಬ್ಬಳೇ ನೋಡಿಕೊಂಡವಳು. ಊರಿನ ಯಾವ ಮದುವೆ, ಸೀಮಂತವಾದರೂ ಕಾಯಿ ಅವಳ ತೋಟದ್ದೇ. ಆದರೆ ಮಡಿಲು ತುಂಬುವ ಹೊತ್ತಿಗೆ ಅವಳು ಅಡುಗೆಮನೆ ಸೇರಬೇಕು. ವಿಧವೆಯ ಕೈಯಿಂದ ಆ ಕಾಯಿ ಹೋಗಬಾರದು.

ಅದಕ್ಕೇ ಅವಳು ಒಂದು ಮೂಟೆ ಕಾಯಿಯನ್ನು ಬಸ್ಸಿನ ಮೇಲೆ ಹಾಕಿಸಿದ್ದಳು. ‘ಒಂದ್ಸಲನಾದ್ರೂ ನನ್ನ ಕೈಯಾರೆ ಯಾವಳ್ದಾದ್ರೂ ಮಡ್ಲು ತುಂಬ್ಬೇಕು ಕಣೇ. ಅಲ್ಲಿ ನನ್ನ ಗುರ್ತು ಯಾರಿಗೈತೆ?’ ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು. ಬಸ್ಸಿನ ತುಂಬ ಗುರುತಿನವರೇ ಇದ್ದಾರೆಂಬುದು ಅವಳಿಗೆ ಹೊಳೆದದ್ದು ಅರಸೀಕೆರೆ ದಾಟಿದ ಮೇಲೆ. ಎಷ್ಟೋ ಊರು ಕಳೆದರೂ ಮೂಟೆಯ ಬಾಯಿ ಬಿಚ್ಚಲಿಲ್ಲ.

ನಮಗೆ ಗೈಡು ತುರುವೇಕೆರೆಯ ನಿವೃತ್ತ ಹವಾಲ್ದಾರರು. ಮನಾಲಿಯಿಂದ ರೋಹ್ತಾಂಗ್ ಕಣಿವೆಗೆ ಏರುವಾಗ ಡ್ರೈವರ್ ಪಕ್ಕದಲ್ಲಿ ನಿಂತು ಕೈ ತೋರಿಸುತ್ತಿದ್ದರು.

‘ಬಲಗಡೆ ನೋಡ್ರಿ, ಬೆಟ್ಟದ ಸಂದೀಲಿ ಬೆಳ್ಳಗೆ ಇಳ್ದೈತಲ್ಲ, ಅದೇ ಹಿಮನದಿ.’

‘ನದಿ ಅಂತೀರಿ, ಹರೀತಾನೇ ಇಲ್ವಲ್ರೀ?’ ಎಂದರು ಹಿಂದಿನ ಸೀಟಿನವರೊಬ್ಬರು.

‘ಸರೀತೈತೆ ಕಣಪ್ಪ, ಕಚೇರೀಲಿ ಫೈಲು ಸರ್ದಂಗೆ.’

ಸ್ವೆಟರ್ ಮೇಲೆ ಸ್ವೆಟರ್ ತೊಟ್ಟು ನಾನೂ ಒಂದು ಮೂಟೆಯಾಗಿ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಆ ಬಿಳುಪು, ಆ ನೀಲಿ! ಹೇಳಲು ಇವತ್ತಿಗೂ ನನಗೆ ಮಾತು ಸಾಲದು.

ಒಂದು ತಿರುವಿನಲ್ಲಿ ಬಸ್ಸು ಏದುಸಿರು ಬಿಟ್ಟು ನಿಂತಿತು. ಹವಾಲ್ದಾರರು ಏಣಿ ಹತ್ತಿ ಟಾರ್ಪಾಲು ಎತ್ತಿದರು. ಹಾಸಿಗೆಗಳಿಗಿಂತ ಕಾಯಿ ಮೂಟೆಗಳೇ ಹೆಚ್ಚು! ತೋಟ ಇರುವವನು ದೇವರಿಗೆ ಅಂಗಡಿ ಕಾಯಿ ಒಡೆಸುವುದೆಂದರೆ ನಮ್ಮ ಸೀಮೆಯಲ್ಲಿ ಮಾನ ಹೋದ ಹಾಗೆ. ತನ್ನದೊಂದು ಮೂಟೆಯಿಂದ ಏನಾದೀತು ಎಂದು ಪ್ರತಿಯೊಬ್ಬರೂ ಏರಿಸಿದ್ದರು.

‘ಟೂರಿಗೆ ಹೊಂಟಿದ್ದೀರೋ, ಸಂತೆಗೆ ಹೊಂಟಿದ್ದೀರೋ? ಕಾಯಿ ಇಳಿಸ್ರಿ, ಇಲ್ಲಾಂದ್ರೆ ಇಲ್ಲಿಂದ್ಲೇ ವಾಪಸ್ಸು!’

‘ಒಡ್ಕಂಡು ತಿಂದ್ಬುಡಾನ ಬುಡ್ರಿ’ ಎಂದರು ಹಿಂದಿನ ಸೀಟಿನವರು.

‘ಹೊಟ್ಟೇಲಿ ಹೋದ್ರೆ ಬಸ್ಸಿಗೆ ಭಾರ ಕಮ್ಮಿ ಆಯ್ತದಾ?’

ಕಾಯಿಯನ್ನು ಬೀದಿಗೆ ಎಸೆಯುವಂತಿಲ್ಲ. ರಸ್ತೆ ಕೆಲಸದ ಹೆಂಗಸರು ಕಲ್ಲು ಒಡೆಯುವುದನ್ನು ಬಿಟ್ಟು ನಮ್ಮ ತಮಾಷೆ ನೋಡುತ್ತಿದ್ದರು. ಅವರಿಗೇ ಕೊಡುವುದೆಂದಾಯಿತು. ಅತ್ತೆ ತನ್ನ ಮೂಟೆ ಬಿಚ್ಚಿದಳು. ಸುತ್ತ ನಿಂತ ನಮ್ಮವರನ್ನು ಕಂಡು ಕೈ ಹಿಂದಕ್ಕೆಳೆದುಕೊಂಡು, ‘ನೀನೇ ಕೊಡೇ’ ಎಂದಳು. ನಾನು ಮುಂದೆ ಬರುವಷ್ಟರಲ್ಲಿ ಬಸುರಿಯೊಬ್ಬಳು ಅತ್ತೆಯ ಎದುರಿಗೇ ಬಂದು ದುಪಟ್ಟಾ ಒಡ್ಡಿ ನಿಂತಳು.

ಅತ್ತೆ ನಮ್ಮವರ ಕಡೆ ಒಮ್ಮೆ ನೋಡಿದಳು. ಆಮೇಲೆ ಮೂಟೆಯಲ್ಲೇ ದೊಡ್ಡ ಕಾಯಿ ಆರಿಸಿ, ಜುಟ್ಟು ಮೇಲೆ ಮಾಡಿ, ಆ ಹುಡುಗಿಯ ಮಡಿಲಿಗಿಟ್ಟಳು. ಹುಡುಗಿ ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. 

‘ಹಂಗೇ ಕೊಡ್ರಮ್ಮ, ಇನ್ನೂ ಅವೆ’ ಎಂದು ಹವಾಲ್ದಾರರು ಮಿಕ್ಕವರ ಮೂಟೆಗಳನ್ನೂ ಅತ್ತೆಯ ಮುಂದಕ್ಕೇ ತಳ್ಳಿದರು. ಎಲ್ಲರ ತೋಟದ ಕಾಯಿಯೂ ಅವಳ ಕೈಯಿಂದಲೇ ಹೋಯಿತು.

ಬಸ್ಸು ಹಗುರಾಗಿ ಮೇಲೇರಿತು. ಕಣಿವೆಯಲ್ಲಿ ಇಳಿದದ್ದೇ ಅತ್ತೆ ಹಿಮದ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಜಾರಿ ಕೂತು, ಬೊಗಸೆ ತುಂಬ ಹಿಮ ಎತ್ತಿ ನನ್ನ ಬೆನ್ನೊಳಗೆ ಸುರಿದಳು. ಅವಳು ಅಷ್ಟು ನಕ್ಕದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆ ಸಂತೋಷಕ್ಕೆ ನನಗೇ ಅಳು ಬಂದುಬಿಟ್ಟಿತು.

ಇವತ್ತು ಸಂಜೆ ನನ್ನ ಮಗಳ ಸೀಮಂತ. ನಮ್ಮ ಯಜಮಾನರು ಹೋಗಿ ಎರಡು ವರ್ಷವಾಯಿತು. ನಾನು ನಗುತ್ತ ನಿಂತಿದ್ದಾಗಲೇ ತಂಗಿ ಹತ್ತಿರ ಬಂದು ಮೆಲ್ಲಗೆ, ‘ಅಕ್ಕಾ, ಬೇಜಾರ್ ಮಾಡ್ಕೋಬೇಡ. ಮಡ್ಲು ತುಂಬೋ ಹೊತ್ಗೆ ನೀನು ಅಡುಗೆ ಕಡೆ ನೋಡ್ಕೋ’ ಎಂದಳು.

‘ಅಡುಗೆ ನೀನೇ ನೋಡ್ಕೋ ಹೋಗೇ’ ಎಂದೆ, ‘ಮಗಳಿಗೆ ಮೊದಲ್ನೇ ಕಾಯಿ ನಂದು.’