ಗಡಿಯಾರಕ್ಕೆ ಕುಸುಬಿ ಎಣ್ಣೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಅಜ್ಜನ ಗಡಿಯಾರಕ್ಕೆ ಕುಸುಬಿ ಎಣ್ಣೆ ಬಿಟ್ಟವನು ನಾನೇ. ಅದೂ ಅಡುಗೆಮನೆಯ ಚಮಚದಿಂದ. ಮೊನ್ನೆ ಅದೇ ಗಡಿಯಾರದ ಹಿಂದಿನ ಮುಚ್ಚಳ ತೆಗೆದಾಗ ಲವಂಗದ ವಾಸನೆ ಬಂತು. ಇಷ್ಟು ವರ್ಷದ ಮೇಲೆ ವಾಸನೆ ಉಳಿದಿರಲಾರದು, ಮೂಗು ಸುಳ್ಳು ಹೇಳಿರಬೇಕು; ನನ್ನ ಬಾಯಿಯ ನೆರೆಮನೆಯಲ್ಲಿದ್ದೂ ಇದ್ದೂ ಅದಕ್ಕೂ ಅಭ್ಯಾಸವಾಗಿದೆ. ಆದರೂ ಬೀದರಿನಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಘಡಿ ಚಾಚಾ ಎದುರಿಗೇ ಬಂದು ಕೂತಂತಾಯಿತು...

ಅದು ಅಂಥಿಂಥ ಕಿಸೆ ಗಡಿಯಾರವಲ್ಲ. ಪಕ್ಕದ ಕೀಲು ಎಳೆದರೆ ಒಳಗಿನ ಪುಟ್ಟ ಸುತ್ತಿಗೆಗಳು ಆಗಿನ ಹೊತ್ತನ್ನು ಬಾರಿಸಿ ಹೇಳುತ್ತಿದ್ದವು: ತಾಸಿಗೊಂದು ‘ಠಣ್’, ಕಾಲು ತಾಸಿಗೊಂದು ‘ಟಿಣ್-ಠಣ್’. ಅಜ್ಜನಿಗೆ ಆಗಲೇ ಎರಡೂ ಕಣ್ಣು ಹೋಗಿದ್ದವು. ನೀರಿಗೆ, ಕೋಲಿಗೆ, ಚಪ್ಪಲಿಗೆ ಯಾರನ್ನಾದರೂ ಕೂಗಬೇಕು. ಹೊತ್ತೊಂದನ್ನು ಮಾತ್ರ ಯಾರನ್ನೂ ಕೇಳಬೇಕಿರಲಿಲ್ಲ.

ಪಿಯುಸಿ ಮುಗಿದ ಬೇಸಿಗೆ. ಖಟಕ ಚಿಂಚೋಳಿಯಲ್ಲಿ ನಾನು ಅಣಕಿಸದೆ ಬಿಟ್ಟವರು ಯಾರೂ ಉಳಿದಿರಲಿಲ್ಲ. ಬಸ್ಸಿನ ಕಂಡಕ್ಟರು, ಸಾಲಿ ಮಾಸ್ತರರು, ನಮ್ಮ ಎಮ್ಮೆ, ಎಲ್ಲರೂ ಆಗಿದ್ದರು. ಕೈಗೆ ಕೆಲಸವಿರಲಿಲ್ಲ. ಗಡಿಯಾರ ಬಾರಿಸುವಾಗ ಒಮ್ಮೆ ತಡವರಿಸಿತೆಂದು ಎಣ್ಣೆ ಬಿಟ್ಟೆ. ಅದು ನಿಂತೇ ಹೋಯಿತು. ಸಂಜೆ ಅಜ್ಜ ಕೀಲು ಎಳೆದಾಗ ಪಕ್ಕದಲ್ಲಿದ್ದ ನಾನು ಗಾಬರಿಯಲ್ಲಿ ಬಾಯಿಂದಲೇ ಐದು ‘ಠಣ್’ ಹೊಡೆದೆ. ಅಜ್ಜ ತಲೆಯಾಡಿಸಿದ. ಅಲ್ಲಿಂದ ಹನ್ನೊಂದು ದಿನ ಮನೆಯ ಗಡಿಯಾರ ನಾನೇ. ರಿಪೇರಿಯವರನ್ನು ಹುಡುಕಿ ಊರಾಚೆ ಹೋಗಬೇಕಾದ ದಿನ ಗಡಿಯಾರವೂ ‘ಬೆಳ್ಳಿ ಉಜ್ಜಿಸುವ’ ನೆಪದಲ್ಲಿ ನನ್ನ ಜೊತೆ ಹೊರಡುತ್ತಿತ್ತು.

ಭಾಲ್ಕಿಯ ಅಂಗಡಿಯವ ತಿರುಗಿಸಿ ಮುರುಗಿಸಿ ನೋಡಿ, “ಇದಕ್ಕ ಸೆಲ್ಲು ಎಲ್ಲಿ ಹಾಕ್ತಾರ್ರಿ?” ಎಂದು ನನ್ನನ್ನೇ ಕೇಳಿದ. ಔರಾದಿನವ ಪ್ರಾಮಾಣಿಕ. ಮುಚ್ಚಳ ತೆಗೆದವನೇ ಮುಚ್ಚಿ, ಎರಡೂ ಕೈಯಲ್ಲಿ ವಾಪಸು ಕೊಟ್ಟು, “ಬಿಚ್ಚೂದು ಬರ್ತದ್ರಿ, ಕೂಡ್ಸೂದು ಬರಂಗಿಲ್ಲ. ಬೀದರಿಗಿ ಹೋಗ್ರಿ, ಚೌಬಾರಾ ಬುರುಜಿನ ಹಿಂದ ಒಬ್ರು ಚಾಚಾ ಇದ್ದಾರ” ಅಂದ.

ಚಾಚಾರ ಅಂಗಡಿ ಒಂದು ಕಪಾಟಿನಷ್ಟು ಅಗಲ. ಒಂದು ಕಣ್ಣಿಗೆ ಕಪ್ಪು ಭೂತಗನ್ನಡಿ, ದವಡೆಯಲ್ಲಿ ಯಾವಾಗಲೂ ಲವಂಗ. ಮುಚ್ಚಳ ತೆಗೆದು ಮೂಸಿದರು.

“ಏನ್ ಮಿಯಾಂ, ಘಡಿಗಿ ಒಗ್ಗರಣಿ ಹಾಕೀರೇನು? ಸಾಸ್ವಿ ಜೀರಗಿ ಕಾಣವಲ್ದು.”

“ಹಳೀ ಎಣ್ಣಿ ಇರಬೇಕ್ರಿ ಚಾಚಾ.”

“ಹೌದ್ಹೌದು, ಭಜಿ ಕರದು ಉಳಿದಿದ್ದ ಹಳೀ ಎಣ್ಣಿ.”

ಆಮೇಲೆ, ಸತ್ತ ಗಡಿಯಾರ ಬದುಕಿದ್ದಾಗ ಹೇಗೆ ಬಾರಿಸುತ್ತಿತ್ತು ಎಂದು ಕೇಳಿದರು. ನನಗೆ ಇನ್ನೇನು ಬೇಕು! ಕಣ್ಣಿಲ್ಲದ ಅಜ್ಜ ಎಣಿಸಿ ಹೊತ್ತು ತಿಳಿಯುವ ಗಡಿಯಾರ ಇದೆಂದು ಹೇಳಿ, ಮೂರೂಮುಕ್ಕಾಲು ಬಾರಿಸಿ ತೋರಿಸಿದೆ. ಚಾಚಾ ಕಣ್ಣು ಮುಚ್ಚಿ ಕೇಳಿದರು. “ಇಷ್ಟು ಜಲ್ದಿ? ಅಜ್ಜಾರು ಎಣಸೂದು ಹ್ಯಾಂಗ?” ಅಜ್ಜ ಒಮ್ಮೊಮ್ಮೆ ಲೆಕ್ಕ ತಪ್ಪಿ ಎರಡೆರಡು ಸಲ ಎಳೆಯುವುದು ನಿಜವಾಗಿತ್ತು. ನಮಗೆ ಯಾರಿಗೂ ಅದು ಗಡಿಯಾರದ ತಪ್ಪು ಅನ್ನಿಸಿರಲಿಲ್ಲ.

“ಅಜ್ಜಾರ್ನ ಕರ್ಕೊಂಡು ಬರ್ರಿ. ಕೇಳೂ ಕಿವಿ ನೋಡದ ನಾ ಘಡಿ ಕೊಡಂಗಿಲ್ಲ.”

ಅದು ಅವರ ಪದ್ಧತಿ. ಕೈಗಡಿಯಾರವಾದರೆ ಗಿರಾಕಿಯನ್ನು ಗಲ್ಲಿಯ ತುದಿತನಕ ನಡೆಸಿ, ಕೈ ಬೀಸುವುದನ್ನು ನೋಡಿಯೇ ತಿದ್ದುತ್ತಿದ್ದರು. ಅಜ್ಜನಿಗೆ ಬಸ್ಸು ಆಗುವುದಿಲ್ಲ ಎಂದು ನಾನು ಸುಳ್ಳು ಹೇಳಿದೆ. ಆಗದಿದ್ದದ್ದು ನನಗೆ, ಬಂದರೆ ಬಣ್ಣ ಬಯಲು. ಚಾಚಾ ನನ್ನ ಮುಖವನ್ನೂ ಭೂತಗನ್ನಡಿಯಲ್ಲೇ ನೋಡಿ, ಊರು ಯಾವುದೆಂದು ಕೇಳಿಕೊಂಡು, ಗಡಿಯಾರ ತಾವಿಟ್ಟುಕೊಂಡು, ಎಲ್ಲ ಗೊತ್ತಾದವರಂತೆ ಅಜ್ಜನ ಕೈಗೆ ಕೊಡಲು ಅಷ್ಟೇ ಗಾತ್ರದ, ಕೀಲಿದ್ದ, ಒಳಗೆ ಯಂತ್ರವಿಲ್ಲದ ಖಾಲಿ ಡಬ್ಬಿಯೊಂದನ್ನು ಕೊಟ್ಟು ಕಳಿಸಿದರು.

ಹನ್ನೊಂದನೆಯ ದಿನ, ಶುಕ್ರವಾರ. ಅಜ್ಜ ಕೀಲು ಎಳೆದ. ಹನ್ನೊಂದು ಗಂಟೆ, ಅಂದರೆ ಹನ್ನೊಂದು ‘ಠಣ್’. ಏಳನೆಯದು ನನ್ನ ಬಾಯಲ್ಲಿದ್ದಾಗಲೇ ಬಾಗಿಲಲ್ಲಿ ಚಾಚಾ! ಅಂಗಡಿಯ ಸೂಟಿಯ ದಿನ ಭಾಲ್ಕಿ ಬಸ್ಸು ಹಿಡಿದು ತಾವೇ ಬಂದಿದ್ದರು. ಎಂಟನೆಯದು ಗಂಟಲಲ್ಲೇ ಉಳಿಯಿತು.

ಅವರು ಒಳಗೆ ಬಂದರು. ಅಜ್ಜನ ಪಕ್ಕ ಕೂತು, ಖಾಲಿ ಡಬ್ಬಿ ತೆಗೆದು, ನಿಜವಾದದ್ದನ್ನು ಅಂಗೈಯಲ್ಲಿಟ್ಟರು. ಅಜ್ಜ ಎಳೆದ, ಎಣಿಸಿದ. ಚಾಚಾ ಸಣ್ಣ ತಿರುಪೊಂದನ್ನು ತಿರುವಿ, “ಇನ್ನಷ್ಟು ಹಗೂರ ಮಾಡ್ಲಿ ಏನ್ರಿ?” ಅಂದರು. ಮತ್ತೆ ಎಳೆದ. ಪ್ರತಿಯೊಂದು ‘ಠಣ್’ ಈಗ ಬಿಡಿಬಿಡಿಯಾಗಿ, ತನ್ನ ಸರದಿ ಕಾದು ಬರುತ್ತಿತ್ತು...

“ಈಗ ಬರೋಬ್ಬರಿ” ಅಂದ ಅಜ್ಜ. ಗಡಿಯಾರವನ್ನು ಮೂಗಿಗೆ ಹಿಡಿದ. “ಹತ್ತು ದಿನ ಇದು ಉಳ್ಳಾಗಡ್ಡಿ ತಿಂದು ಬಾರಸ್ತಿತ್ತು ನೋಡ್ರಿ. ಇವತ್ತ ಲವಂಗ ತಿಂದದ.”

ಚಾಚಾ ನಕ್ಕ ರಭಸಕ್ಕೆ ಅವರಿಗೆ ಆಗಷ್ಟೇ ಕೊಟ್ಟಿದ್ದ ಚಹಾ ನನ್ನ ಮೇಲೆ ಚೆಲ್ಲಿತು. ಬೇಕೆಂದೇ ಚೆಲ್ಲಿದರು ಎಂಬ ಅನುಮಾನ ನನಗೆ ಈಗಲೂ ಇದೆ.

ಈಗ ಮತ್ತೆ ಗಡಿಯಾರ ತಡವರಿಸುತ್ತಿದೆ. ಮುಚ್ಚಳ ತೆಗೆದು ನೋಡಿದವನೇ ಮುಚ್ಚಿ, ಅದನ್ನು ಹಿಡಿದು ಬೀದರಿಗೆ ಹೋದೆ. ಆ ಕಪಾಟಿನಂಥ ಅಂಗಡಿಯಲ್ಲಿ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಪಕ್ಕದ ಬಳೆ ಅಂಗಡಿಯ ಹೆಂಗಸು, “ಚಾಚಾ ತೀರಿ ಹೋಗಿ ಎಂಟು ತಿಂಗಳಾತಪಾ” ಅಂದಳು.

ಮನೆಗೆ ಬಂದು ಗಡಿಯಾರ ಅಜ್ಜನ ಕೈಗಿಟ್ಟು ಸುದ್ದಿ ಹೇಳಿದೆ. ಅಜ್ಜ ಕೀಲಿನ ಮೇಲೆ ಬೆರಳಿಟ್ಟ, ಎಳೆಯಲಿಲ್ಲ. ಅದನ್ನು ನೋಡಲಾಗದೆ ನಾನು ದವಡೆ ಓರೆ ಮಾಡಿ, ಚಾಚಾರ ದನಿ ತೆಗೆದೆ: “ಲಾವ್ ಅಜ್ಜಾರೆ, ಘಡಿ ಇತ್ತ ಕೊಡ್ರಿ, ನಾ ನೋಡ್ತೇನಿ.”

ಅಜ್ಜ ನಕ್ಕ, ಕಣ್ಣೊರೆಸಿಕೊಂಡ. ಗಡಿಯಾರ ಹಿಡಿದ ಕೈ ಅರ್ಧ ದಾರಿ ಮುಂದೆ ಬಂದು ಹಿಂದೆ ಹೋಯಿತು.

“ದನಿ ಅವರ್ದೇ ಅದ. ಕೈ ನಿಂದದ. ಕೊಡಂಗಿಲ್ಲ.”