ಓದು ಬಾರದವಳು ಹೇಳಿದ ಕೊನೆ

ದೆವ್ವ, ಶಕುನ, ಕನಸಿನಲ್ಲಿ ಕಂಡದ್ದು ಬೆಳಗ್ಗೆ ನಿಜವಾಯಿತು ಎನ್ನುವ ಕತೆ, ಇವು ಯಾವುದನ್ನೂ ನಾನು ನಂಬಿದವನಲ್ಲ. ನಂಬುವವರನ್ನು ಕಂಡು ಮರುಕಪಡುವಷ್ಟು ಒಳ್ಳೆಯವನೂ ಅಲ್ಲ. ನಗುತ್ತಿದ್ದೆ, ಅದೂ ಅವರ ಎದುರಿಗೇ. ಮಧುಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಈಗ ನಿವೃತ್ತನಾಗಿದ್ದೇನೆ, ನಗುವುದನ್ನು ಬಿಟ್ಟಿಲ್ಲ. ಆದರೆ ಒಂದು ಸಂಗತಿ ಮಾತ್ರ ಹಲ್ಲಿನ ಸಂದಿಗೆ ಸಿಕ್ಕ ಮಾವಿನ ನಾರಿನ ಹಾಗೆ ಇಷ್ಟು ವರ್ಷವಾದರೂ ಬಿಟ್ಟುಹೋಗಿಲ್ಲ. ಅದರ ದೆಸೆಯಿಂದ ನನಗಿದ್ದ ಒಬ್ಬನೇ ಸ್ನೇಹಿತ ದೂರವಾದ. ಹೇಳಿಬಿಡುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಆ ಸ್ನೇಹಿತನ ಹೆಸರು ಹನುಮಂತರಾಯ. ಕೊರಟಗೆರೆಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊಬೈಲಿನಲ್ಲಿ ಇನ್ನೂ ಬಟನ್ ಒತ್ತುತ್ತಿದ್ದ ಕಾಲದಲ್ಲಿ ನಾವಿಬ್ಬರೂ ಸೇರಿ ‘ಆಚೆಗ್ರಹ’ ಎಂಬ ವೈಜ್ಞಾನಿಕ ಕತೆಗಳ ಪತ್ರಿಕೆ ತೆಗೆದೆವು. ಪತ್ರಿಕೆ ಅನ್ನುವುದು ನಮ್ಮ ಜಂಬ. ಕೈಬರಹದ ಹಾಳೆಗಳನ್ನು ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು, ಬಸ್ಸಿನ ಕಂಡಕ್ಟರುಗಳ ಕೈಗೆ ಕೊಟ್ಟು ಶಿರಾ, ಪಾವಗಡಗಳಿಗೆ ಕಳಿಸುತ್ತಿದ್ದೆವು. ಕತೆ ಬರೆಯುವುದು, ಮುಖಪುಟದ ಚಿತ್ರ ಹಾಕುವುದು ಅವನ ಪಾಲು. ತಿದ್ದುವುದು, ಬಯ್ಯುವುದು ನನ್ನ ಪಾಲು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಕತೆಯನ್ನು ಪೂರ್ತಿ ಅಚ್ಚು ಹಾಕುತ್ತಿರಲಿಲ್ಲ, ಸರಿಯಾದ ಜಾಗದಲ್ಲಿ ನಿಲ್ಲಿಸಿಬಿಡುತ್ತಿದ್ದೆವು. ಮುಂದೇನಾಗಬೇಕೆಂದು ಓದುಗರು ಅಭಿಪ್ರಾಯ ಕಳಿಸಬೇಕು. ಮುಂದಿನ ಸಂಚಿಕೆಯಲ್ಲಿ ಮೊದಲು ಅವರ ಅಭಿಪ್ರಾಯ, ಆಮೇಲೆ ಲೇಖಕ ತಾನೇ ಬರೆದ ಕೊನೆ. ಅಲ್ಲಿಯವರೆಗೆ ಆ ಕೊನೆಯನ್ನು ಲೇಖಕ ಯಾರಿಗೂ ತೋರಿಸಕೂಡದು, ನನಗೂ ಸಹ. ಇದೆಲ್ಲ ಹನುಮಂತರಾಯನ ಆಸೆ. “ಓದೋರೇ ನಮ್ಮ ದೇವ್ರು ಕಣಪ್ಪಾ” ಅನ್ನುತ್ತಿದ್ದ. “ಹಂಗಾದ್ರೆ ನಾನು ನಾಸ್ತಿಕ” ಅನ್ನುತ್ತಿದ್ದೆ ನಾನು.

ಆ ದೇವರುಗಳ ಬುದ್ಧಿಯನ್ನು ಏನೆಂದು ಹೊಗಳಲಿ! ಪತ್ರಿಕೆಯ ಹೆಸರಿನಲ್ಲಿ ಗ್ರಹ ಇದೆಯೆಂದು ಶಿರಾದ ಒಬ್ಬ ಮಹಾನುಭಾವರು ಮಗಳ ಜಾತಕ ಕಳಿಸಿ, ಶನಿ ಯಾವಾಗ ಬಿಡುತ್ತದೆಂದು ಕೇಳಿದರು. ಪಾವಗಡದ ಒಬ್ಬರು ತೆಲುಗು ಬೆರೆಸಿ “ಕತೆ ಬಾಗುಂದಿ ಸಾರ್, ಆದ್ರೆ ರಾಕೆಟ್ಟಿಗೆ ಡೀಸಲ್ ಎಲ್ಲಿ ಹಾಕುಸ್ತಾರೆ?” ಎಂದು ಬರೆದರು. ವೈ.ಎನ್.ಹೊಸಕೋಟೆಯವರಿಗೆ ಬೇರೆ ಏನೂ ಬೇಡ, ಮಂಗಳ ಗ್ರಹದ ಕೆಂಪು ಮಣ್ಣಿನಲ್ಲಿ ಕಡಲೆಕಾಯಿ ಆಗುತ್ತದೋ ಇಲ್ಲವೋ ಅಷ್ಟು ತಿಳಿದರೆ ಸಾಕು. ತಾವರೆಕೆರೆಯ ಒಬ್ಬ ಪುಣ್ಯಾತ್ಮ ಪ್ರತಿ ಸಂಚಿಕೆಗೂ ಒಂದೇ ವಾಕ್ಯ ಬರೆಯುತ್ತಿದ್ದ: ಕತೆ ಚೆನ್ನಾಗಿದೆ, ಇನ್ನೂ ಚೆನ್ನಾಗಿರಬಹುದಿತ್ತು. ಇನ್ನು ಅವರು ಕಟ್ಟುತ್ತಿದ್ದ ಕೊನೆಗಳೋ! ಅರ್ಧ ಜನಕ್ಕೆ ಎಲ್ಲವೂ ಕನಸು, ಉಳಿದರ್ಧಕ್ಕೆ ಪೊಲೀಸರು ಬಂದು ಎಲ್ಲರನ್ನೂ ಹಿಡಿದುಕೊಂಡು ಹೋಗುವುದು. ಕತ್ತೆಗೇನು ಗೊತ್ತು ಕಸ್ತೂರಿಯ ಪರಿಮಳ ಅಂತ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಹನುಮಂತರಾಯ ಮಾತ್ರ ಒಂದೊಂದನ್ನೂ ಎರಡೆರಡು ಸಲ ಓದಿ, ಕಡಲೆಕಾಯಿಯವರಿಗೂ ಶ್ರದ್ಧೆಯಿಂದ ಉತ್ತರ ಬರೆಯುತ್ತಿದ್ದ.

ಅವನು ಬರೆದದ್ದರಲ್ಲೆಲ್ಲ ಒಳ್ಳೆಯದು ಈರಣ್ಣನ ಕತೆ. ಈರಣ್ಣ ಹೆಚ್ಚುಕಮ್ಮಿ ಬೆಳಕಿನಷ್ಟೇ ವೇಗವಾಗಿ ಓಡುವ ನೌಕೆಯಲ್ಲಿ ಹೋಗಿ, ಊರಿಗೆ ಹಿಂದಿರುಗುತ್ತಾನೆ. ಅವನಿಗೆ ಕೆಲವೇ ವರ್ಷ ಕಳೆದಿದೆ. ಇಲ್ಲಿ ಅವನ ಹೆಂಡತಿ ಮುದುಕಿಯಾಗಿದ್ದಾಳೆ. ಅಷ್ಟು ಭೌತಶಾಸ್ತ್ರ ನಾನು ಹೇಳಿಕೊಟ್ಟದ್ದೇ. ಅವನು ಬರುವ ಸುದ್ದಿ ಅವಳಿಗೆ ಯಾರೂ ತಿಳಿಸಿಲ್ಲ. ಸಂಜೆ ಹೊತ್ತು, ಒಳಗೆ ದೀಪ ಉರಿಯುತ್ತಿದೆ, ಈರಣ್ಣ ಬಾಗಿಲು ತಟ್ಟುತ್ತಾನೆ. ಅಲ್ಲಿಗೆ ನಿಲ್ಲಿಸಿದೆವು. “ಇದೊಂದಾದ್ರೂ ಜನಕ್ಕೆ ಮುಟ್ಟುದ್ರೆ ಬರೀತಾ ಇರ್ತೀನಿ. ಇಲ್ದಿದ್ರೆ ಇಷ್ಟಕ್ಕೇ ಸಾಕು” ಅಂದಿದ್ದ ಹನುಮಂತರಾಯ. ತಮಾಷೆಗೆ ಅಂದದ್ದಲ್ಲ, ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಆ ಸಂಚಿಕೆ ಹಂಚಲು ಶಿರಾಕ್ಕೆ ಹೋಗಿದ್ದೆ. ಅಲ್ಲಿಂದ ತುಮಕೂರಿಗೆ ಹೋಗುವಾಗ ಕಳ್ಳಂಬೆಳ್ಳದಲ್ಲಿ ಬಸ್ಸು ಕೆಟ್ಟು ನಿಂತಿತು. ರಸ್ತೆ ಬದಿಯಲ್ಲಿ ಜಯಮ್ಮ ಎಂಬ ವಯಸ್ಸಾದ ಹೆಂಗಸಿನ ಟೀ ಹೋಟೆಲು. ನೋಡಿದರೆ, ಅಲ್ಲಿ ಬೋಂಡದ ತಟ್ಟೆಯ ಪಕ್ಕದಲ್ಲಿ ನಮ್ಮ ‘ಆಚೆಗ್ರಹ’, ಮುಖಪುಟದ ತುಂಬ ಎಣ್ಣೆ! ನಮ್ಮ ಕಂಡಕ್ಟರು ಟೀ ಕುಡಿಯಲು ಬಂದು ಒಂದು ಪ್ರತಿ ಬಿಟ್ಟುಹೋಗಿದ್ದನಂತೆ. ಜಯಮ್ಮನಿಗೆ ಓದು ಬರುವುದಿಲ್ಲ. ಗಿರಾಕಿಯೊಬ್ಬ ಗಟ್ಟಿಯಾಗಿ ಓದಿದ್ದನ್ನು ಕೇಳಿಸಿಕೊಂಡಿದ್ದಳು, ಅಷ್ಟೇ. ಇದು ನನ್ನದೇ ಪತ್ರಿಕೆ ಎಂದು ತಿಳಿದ ಕೂಡಲೇ ಲೋಟ ತೊಳೆಯುತ್ತಲೇ ಅಭಿಪ್ರಾಯ ಶುರು ಮಾಡಿದಳು.

“ಅವ್ನು ಬಾಕ್ಲು ತಟ್ಟುದ್ನಲ್ಲ ಸಾಮಿ, ಅವ್ಳು ಬಂದು ತಗ್ಯಾಕಿಲ್ಲ. ಒಳಗಿಂದ್ಲೇ ಅಂತಾಳೆ, ಕಾಲ್ ತೊಳ್ಕಂಡು ಬಾ ಅಂತ. ಜಗ್ಲಿ ಮ್ಯಾಲೆ ಚೊಂಬಲ್ಲಿ ನೀರು ಮಡಗಿರ್ತಾಳೆ. ಅವ್ನು ಉಯ್ಕಂತಾನೆ. ನೀರು ಬೆಚ್ಗಿರ್ತವೆ.”

ಬೆಚ್ಚಗೆ ಯಾಕಮ್ಮಾ ಎಂದು ಕೇಳಿದೆ, ಬಸ್ಸು ಹೊರಡುವವರೆಗೆ ಹೊತ್ತು ಹೋಗಬೇಕಲ್ಲ.

“ಬತ್ತಾನೆ ಅಂತ ಗೊತ್ತಿದ್ದೋಳು ತಣ್ಣೀರ್ ಮಡುಗ್ತಾಳಾ?” ಅಂದಳು.

ಸುದ್ದಿಯೇ ಇಲ್ಲದೆ ಗೊತ್ತಾಗುವುದು ಹೇಗೆ ಎಂದು ವಾದ ಮಾಡಬಹುದಿತ್ತು. ಟೀ ಹೋಟೆಲಿನಲ್ಲಿ ಭೌತಶಾಸ್ತ್ರ ಯಾಕೆ ಎಂದು ನಕ್ಕು, ಟೀ ಕುಡಿದು ಎದ್ದು ಬಂದೆ. ಈ ಮಾತನ್ನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಿರಲೂ ಇಲ್ಲ.

ಮುಂದಿನ ಸಂಚಿಕೆಯ ಹೊತ್ತಿಗೆ ಹನುಮಂತರಾಯ ಮಧುಗಿರಿಯ ನಮ್ಮ ಮನೆಗೆ ಬಂದು ಕತೆಯ ಕೊನೆ ಕೈಗಿತ್ತ. ಜಗಲಿಯಲ್ಲಿ ಕೂತು ಓದಿದೆ. ಈರಣ್ಣನ ಹೆಂಡತಿ ಬಾಗಿಲು ತೆಗೆಯುವುದಿಲ್ಲ. ಕಾಲು ತೊಳೆದುಕೊಂಡು ಬಾ ಎಂದು ಒಳಗಿನಿಂದ ಅನ್ನುತ್ತಾಳೆ. ಚೊಂಬು. ಬೆಚ್ಚಗಿನ ನೀರು. ಬರುತ್ತಾನೆಂದು ಗೊತ್ತಿದ್ದವಳು ತಣ್ಣೀರು ಇಡುತ್ತಾಳೆಯೇ ಎಂಬ ಮಾತಿನೊಂದಿಗೆ ಕತೆ ಮುಗಿದಿತ್ತು.

ನನಗೆ ಮೈ ಜುಮ್ಮೆನ್ನಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಿಟ್ಟು ನೆತ್ತಿಗೇರಿತು. ಅಲ್ಲ, ಇಷ್ಟು ದಿನ ದೇವರು ದೇವರು ಅಂದವನು ಆ ದೇವರ ಗುಡಿಯಿಂದಲೇ ಕದ್ದು ತಂದಿದ್ದಾನಲ್ಲ! ಕಳ್ಳಂಬೆಳ್ಳದಲ್ಲಿ ಯಾವಾಗ ಟೀ ಕುಡಿದೆ ಎಂದು ಕೇಳಿದೆ. ಅವನಿಗೆ ಅರ್ಥವಾಗಲಿಲ್ಲ. ಆ ಊರಿನಲ್ಲಿ ಇಳಿದೇ ಇಲ್ಲ ಅಂದ. ಆಣೆ ಇಟ್ಟ. ಕಳ್ಳನಿಗೆ ಆಣೆ ಎಷ್ಟರದ್ದು ಅಂದೆ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತೇನೋ, ಬಿಡುವ ಜಾಯಮಾನ ನನ್ನದಲ್ಲ. ಅದೇ ಸಂಚಿಕೆಯ ಅಭಿಪ್ರಾಯದ ಪುಟದಲ್ಲಿ, ಈ ಸಲದ ಕೊನೆಯನ್ನು ದಯಪಾಲಿಸಿದವರು ಕಳ್ಳಂಬೆಳ್ಳದ ಹೋಟೆಲಿನವರು, ನಮ್ಮ ಲೇಖಕರು ಎತ್ತಿ ಬರೆದುಕೊಂಡಿದ್ದಾರೆ ಎಂದು ಹಾಕಿದೆ.

ಹನುಮಂತರಾಯ ಅದನ್ನು ಓದಿ ಬಂದ. ಕೂಗಾಡಲಿಲ್ಲ. ಒಳಗೂ ಬರಲಿಲ್ಲ. “ಓದೋರ್ನ ಬೈತಿದ್ದೆ, ನಾನ್ ಸುಮ್ನಿದ್ದೆ. ನನ್ನೇ ಕಳ್ಳ ಅಂದ್ಬುಟ್ಟೆ. ಆಯ್ತು ಬುಡು” ಎಂದು ಬಾಗಿಲಿನಿಂದಲೇ ತಿರುಗಿ ಹೋದ. ಆಮೇಲೆ ಅವನು ಒಂದು ಸಾಲೂ ಬರೆಯಲಿಲ್ಲ ಎಂದು ಕೇಳಿದ್ದೇನೆ. ಪತ್ರಿಕೆ ಅಲ್ಲಿಗೆ ನಿಂತಿತು. ಓದುಗ ಮಹಾಶಯರಲ್ಲಿ ಒಬ್ಬನೂ ಯಾಕೆ ನಿಂತಿತು ಎಂದು ವಿಚಾರಿಸಲಿಲ್ಲ. ಜಾತಕದವರು ಮಾತ್ರ ತಮ್ಮ ಜಾತಕ ವಾಪಸ್ಸು ಕೇಳಿದರು.

ಇನ್ನೊಂದು ಸಲ ಕಳ್ಳಂಬೆಳ್ಳಕ್ಕೆ ಹೋದೆ, ಕಳ್ಳತನವನ್ನು ರುಜುವಾತು ಮಾಡಲಿಕ್ಕೇ. ನಾವಿಬ್ಬರೂ ನಿಂತು ತೆಗೆಸಿಕೊಂಡ ಫೋಟೋ ಜಯಮ್ಮನಿಗೆ ತೋರಿಸಿದೆ. ಅವಳು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಈವಯ್ಯನ್ನ ಕಂಡೇ ಇಲ್ಲ ಸಾಮಿ. ಆ ಮಾತ ನಿಮ್ತಾವ ಬುಟ್ರೆ ಇನ್ನಾರ್ತಾವೂ ಆಡಿಲ್ಲ” ಅಂದಳು. ನಿನಗೆ ಹೇಗೆ ಹೊಳೆಯಿತು ಎಂದು ಕೇಳಿದರೆ, “ನಂಗೇನ್ ಗೊತ್ತು, ಅಂಗೇ ಅನ್ನುಸ್ತು” ಎಂದು ಒಲೆ ಊದಲು ಹೋದಳು. ಹನುಮಂತರಾಯ ಕಲಿಸಿಕೊಟ್ಟದ್ದನ್ನು ಒಪ್ಪಿಸುತ್ತಿದ್ದಾಳೆ ಎಂದುಕೊಂಡೆ.

ಅದಾದ ಮೇಲೆ ಒಂದು ದಿನ ಬೀರು ಚೊಕ್ಕಟ ಮಾಡುವಾಗ, ಈರಣ್ಣನ ಕತೆಯನ್ನು ಬಾಗಿಲಲ್ಲಿ ನಿಲ್ಲಿಸಿದ ಸಂಚಿಕೆಯ ಮುಖಪುಟದ ಮೂಲ ಚಿತ್ರ ಸಿಕ್ಕಿತು, ಹನುಮಂತರಾಯ ಕೈಯಾರೆ ಬರೆದದ್ದು. ಮುಚ್ಚಿದ ಬಾಗಿಲು, ಜಗಲಿ, ಜಗಲಿಯ ಮೇಲೆ ಹತ್ತಾರು ಸಾಮಾನು, ಅವುಗಳ ನಡುವೆ ಒಂದು ಚೊಂಬು. ಚೊಂಬಿನ ಬಾಯಿಯಿಂದ ಪೆನ್ಸಿಲಿನಲ್ಲಿ ಎಳೆದ ತೆಳ್ಳನೆಯ ಆವಿ. ಉಳಿದದ್ದೆಲ್ಲ ಇಂಡಿಯನ್ ಇಂಕಿನದು, ಆವಿ ಮಾತ್ರ ಪೆನ್ಸಿಲಿನದು. ನಮ್ಮ ಬಡ ಜೆರಾಕ್ಸ್ ಯಂತ್ರ ಪೆನ್ಸಿಲನ್ನು ಹಿಡಿದಿರಲಿಲ್ಲ. ಅಚ್ಚಾದ ಒಂದು ಪ್ರತಿಯಲ್ಲೂ ಆವಿ ಇಲ್ಲ, ನನ್ನಲ್ಲಿದ್ದ ಪ್ರತಿಗಳನ್ನೆಲ್ಲ ಬಿಸಿಲಿಗೆ ಹಿಡಿದು ನೋಡಿದೆ. ಅಂದರೆ ಜಯಮ್ಮ ಕತೆಯನ್ನು ಕೇಳುವ ಮೊದಲೇ ಹನುಮಂತರಾಯನ ತಲೆಯಲ್ಲಿ ನೀರು ಬೆಚ್ಚಗಿತ್ತು. ಜಯಮ್ಮನ ಕಣ್ಣಿಗೆ ಆವಿ ಬಿದ್ದಿರಲು ಸಾಧ್ಯವಿಲ್ಲ. ಅವಳ ಮಾತು ಇವನಿಗೆ ಮುಟ್ಟಿಲ್ಲ, ಇವನ ಚಿತ್ರದ ಆವಿ ಅವಳಿಗೆ ಮುಟ್ಟಿಲ್ಲ. ಚಿತ್ರವನ್ನು ಮತ್ತೆ ಬೀರುವಿನಲ್ಲೇ ಇಟ್ಟೆ.

ಆಗಲೇ ಕೊರಟಗೆರೆಗೆ ಓಡಬೇಕಿತ್ತು ಅನ್ನುತ್ತೀರಿ. ಅನ್ನಿ, ನಿಮಗೇನು. ಓಡಲಿಲ್ಲ. ಓಡುವ ಕಾಲುಗಳಾಗಿದ್ದರೆ ಕಳ್ಳ ಅನ್ನುವ ಬಾಯಿ ಇರುತ್ತಿರಲಿಲ್ಲ. ವರ್ಷಗಳು ಹೋದವು, ಮುಖ ಕೊಟ್ಟು ಮಾತಾಡಲಿಲ್ಲ, ಫೋನೂ ಇಲ್ಲ.

ಹೋದ ಮಳೆಗಾಲದಲ್ಲಿ ಕೊರಟಗೆರೆಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣ ಇತ್ತು. ಹೊರಡುವಾಗ ಆ ಚಿತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಚೀಲದಲ್ಲಿಟ್ಟುಕೊಂಡೆ. ಕೊಡುತ್ತೇನೆಂದು ನನಗೆ ನಾನೇ ಹೇಳಿಕೊಂಡಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಊಟ ಮುಗಿಸಿ ಕೈ ತೊಳೆದವನು ಸುಮ್ಮನೆ ನಡೆಯುತ್ತ ಹೋಗಿ ನಿಂತದ್ದು ಹನುಮಂತರಾಯನ ಮನೆಯ ಮುಂದೆ. ಮಧ್ಯಾಹ್ನ, ಬೀದಿಯಲ್ಲಿ ಯಾರೂ ಇಲ್ಲ. ಬಾಗಿಲು ಮುಚ್ಚಿತ್ತು. ತಟ್ಟಿದೆ.

“ಕಾಲ್ ತೊಳ್ಕಂಡು ಬಾ” ಅಂದಿತು ಒಳಗಿನಿಂದ ಒಂದು ಗಂಡು ದನಿ. ಯಾರು ಎಂದು ಕೇಳಲಿಲ್ಲ.

ಜಗಲಿಯ ಮೇಲೆ ಚೊಂಬು ಇತ್ತು. ಇದನ್ನು ನಾನು ಹಲವರಿಗೆ ಹೇಳಿದ್ದೇನೆ, ಅಭಿಪ್ರಾಯಗಳೂ ಬಂದಿವೆ. ಕಿಟಕಿಯಿಂದ ನೋಡಿದ್ದಾನು ಅಂದರು, ಆ ಕಡೆಗೆ ಕಿಟಕಿಯೇ ಇಲ್ಲ. ನೆಂಟರು ಸುದ್ದಿ ಕೊಟ್ಟಿರಬೇಕು ಅಂದರು, ಅವರಿಗೆ ಇವನ ಪರಿಚಯವೇ ಇಲ್ಲ. ಬಿಸಿಲಿಗೆ ಕಾದಿರುತ್ತದೆ ಅಂದ ಜಾಣನೂ ಉಂಟು, ಅವತ್ತು ಬೆಳಗಿನಿಂದ ಸೋನೆ ಹಿಡಿದು ಬಿಟ್ಟೇ ಇರಲಿಲ್ಲ. ನನ್ನ ಭೌತಶಾಸ್ತ್ರವನ್ನೂ ತಿರುಗಿಸಿ ಮುರುಗಿಸಿ ನೋಡಿದ್ದೇನೆ, ಅದರ ಹತ್ತಿರವೂ ಉತ್ತರವಿಲ್ಲ. ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬರೆದು ಕಳಿಸಬೇಡಿ.

ಚಪ್ಪಲಿ ಬಿಟ್ಟು, ಚೊಂಬು ಬಗ್ಗಿಸಿದೆ. ನೀರು ಬೆಚ್ಚಗಿತ್ತು. ಎರಡೂ ಕಾಲು ತೊಳೆದುಕೊಂಡು ಒಳಗೆ ಹೋದೆ.